ದ್ರಾಕ್ಷಿ ಸಿರಪ್‌ಗೆ ಸೋಡಾ ಹಾಕಿದರೆ ಬಣ್ಣ ಬೂದಿಯಾಗುತ್ತೆ, ಗ್ಯಾಸ್ ನಿಲ್ಲಲ್ಲ: ಏನು ಕಾರಣ?

ಶಿಡ್ಲಘಟ್ಟ_ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮನೆಯಲ್ಲಿ ಗೃಹಪ್ರವೇಶ ಇದೆ, ಸುಮಾರು 80 ಜನ ಬರ್ತಾರೆ. ಬಿಸಿಲಿಗೆ ಬಂದವರ ಕೈಗೆ ಅಂಗಡಿ ಕೂಲ್‌ಡ್ರಿಂಕ್ಸ್ ಬದಲು ನಮ್ಮ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿರಪ್ ಮಾಡಿ, ಸೋಡಾ ಬೆರೆಸಿ ಕೊಡೋಣ ಅಂತ ಆಸೆ. ಪರೀಕ್ಷೆಗೆ ಸ್ವಲ್ಪ ಮಾಡಿ ನೋಡಿದ್ದರಲ್ಲಿ ನಾಲ್ಕು ತೊಂದರೆ.

ಮಾಡಿದ ರೀತಿ: 1 ಕೆಜಿ ದ್ರಾಕ್ಷಿ ಮಿಕ್ಸಿಗೆ ಹಾಕಿ ರುಬ್ಬಿ, ಸೋಸಿ, 400 ಗ್ರಾಂ ಸಕ್ಕರೆ ಹಾಕಿ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿದ್ದು.

ಮೊದಲನೆಯದು, ಕುಡಿದ ಮೇಲೆ ನಾಲಿಗೆ ಹಿಡಿದ ಹಾಗೆ ಒಗರು, ಕಹಿ. ಎರಡನೆಯದು, ಹೊರಗಿಟ್ಟ ಬಾಟಲಿ ಐದನೇ ದಿನಕ್ಕೆ ಹುಳಿ ವಾಸನೆ ಬಂದು ಮುಚ್ಚಳ ಉಬ್ಬಿತು. ಮೂರನೆಯದು, ಇದೇ ನನಗೆ ಅರ್ಥವಾಗದ್ದು: ಬಾಟಲಿಯಲ್ಲಿ ಚೆನ್ನಾಗಿ ಕೆಂಪಗಿದ್ದ ಸಿರಪ್, ಲೋಟದಲ್ಲಿ ಸೋಡಾ ಬಿದ್ದ ತಕ್ಷಣ ನೀಲಿ ಕಲಸಿದ ಬೂದಿ ಬಣ್ಣಕ್ಕೆ ತಿರುಗುತ್ತೆ. ನಾಲ್ಕನೆಯದು, ಕಲಸುವಷ್ಟರಲ್ಲಿ ಗ್ಯಾಸ್ ಎಲ್ಲ ನೊರೆಯಾಗಿ ಹೊರಟುಹೋಗುತ್ತೆ. ಸೋಡಾ ಇಲ್ಲೇ ಊರಲ್ಲಿ ತಯಾರಾಗೋದು, ಕ್ರೇಟ್ ಲೆಕ್ಕದಲ್ಲಿ ಸಿಗುತ್ತೆ.

80 ಲೋಟಕ್ಕೆ ಎಷ್ಟು ದ್ರಾಕ್ಷಿ, ಎಷ್ಟು ಸಕ್ಕರೆ ಅನ್ನೋ ಲೆಕ್ಕವನ್ನೂ ತಿಳಿಸಿ.

ಹಣ್ಣಿನ_ಪಾಕ

ಅಕ್ಕ, ನಿಮ್ಮ ಮೂರನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಅದು ನೀರಿನ ಕಥೆ.

ದ್ರಾಕ್ಷಿ ಸಿಪ್ಪೆಯ ಬಣ್ಣಕ್ಕೆ ಆಂಥೋಸಯನಿನ್ ಅಂತಾರೆ. ಹುಳಿ ಇದ್ದಷ್ಟು ಹೊತ್ತು ಅದು ಕೆಂಪು. ಹುಳಿ ಕಮ್ಮಿಯಾದರೆ ಮಂಕಾಗುತ್ತೆ, ಇನ್ನೂ ಇಳಿದರೆ ನೀಲಿ, ಬೂದಿ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿರೋ ಬೈಕಾರ್ಬೊನೇಟ್ ಹುಳಿಯನ್ನು ತಿಂದುಹಾಕುತ್ತೆ. ಒಂದು ಪಾಲು ಸಿರಪ್‌ಗೆ ಆರೇಳು ಪಾಲು ಸೋಡಾ ಬೆರೆಸುವಾಗ ದ್ರಾಕ್ಷಿಯ ಸ್ವಂತ ಹುಳಿ ಅಷ್ಟನ್ನೂ ಗಡಸು ನೀರು ಮುಗಿಸಿಬಿಡಬಹುದು. ಬಣ್ಣ ಸಾಯೋದು ಕಣ್ಣಿಗೆ ಕಾಣುತ್ತೆ, ರುಚಿ ಸಪ್ಪೆಯಾಗೋದೂ ಅದರಿಂದಲೇ. ಅದೇ ಲೋಟಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ. ಕೆಂಪು ವಾಪಸ್ ಬಂದರೆ ಕಾರಣ ಇದೇ.

ಪರಿಹಾರ ಎರಡು ಕಡೆಯಿಂದ. ಸಿರಪ್‌ಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಸೇರಿಸಬೇಕು. ಸೋಡಾ ಆರ್‌ಓ ನೀರಿಂದ ಮಾಡಿದ್ದಾಗಿರಬೇಕು. ನಮ್ಮ ಕಡೆ ನೀರಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ತೊಂದರೆಯೂ ಇರೋದರಿಂದ ಇದು ರುಚಿಗಷ್ಟೇ ಸಂಬಂಧಪಟ್ಟ ಮಾತಲ್ಲ. ಕುದಿಸಿದರೆ ಗಡಸುತನ ಒಂದಿಷ್ಟು ಇಳಿಯುತ್ತೆ, ಫ್ಲೋರೈಡ್ ಇಳಿಯಲ್ಲ. ಸೋಡಾ ಮಾಡುವವರನ್ನು ಯಾವ ನೀರು ಬಳಸ್ತೀರಿ ಅಂತ ನೇರವಾಗಿ ಕೇಳಿ.

ಒಗರು, ಕಹಿ ಬಂದಿದ್ದು ಮಿಕ್ಸಿಯಿಂದ. ಬೆಂಗಳೂರು ಬ್ಲೂನಲ್ಲಿ ಬೀಜ ಇದೆ, ಬೀಜ ಒಡೆದರೆ ಅದರ ಒಗರೆಲ್ಲ ರಸಕ್ಕೆ ಇಳಿಯುತ್ತೆ. ಈ ಜಾತಿ ದ್ರಾಕ್ಷಿಯ ಗುಣ ಏನಂದ್ರೆ ಅದುಮಿದರೆ ತಿರುಳು ಗೋಲಿ ಥರ ಸಿಪ್ಪೆ ಬಿಟ್ಟು ಜಾರುತ್ತೆ. ಬಣ್ಣ, ಘಮ ಎರಡೂ ಆ ದಪ್ಪ ಸಿಪ್ಪೆಯಲ್ಲೇ ಇರೋದು. ಅದನ್ನು ಇಳಿಸೋಕೆ ರುಬ್ಬಬೇಕಿಲ್ಲ, ಹದವಾದ ಶಾಖ ಸಾಕು.

80 ಲೋಟದ ಲೆಕ್ಕ ಹೀಗೆ. ಲೋಟಕ್ಕೆ 30 ಮಿಲಿ ಸಿರಪ್, 200 ಮಿಲಿ ಸೋಡಾ. ಒಟ್ಟು 2.4 ಲೀಟರ್ ಸಿರಪ್, 16 ಲೀಟರ್ ಸೋಡಾ. ಇದಕ್ಕೆ ಎರಡೂವರೆ ಕೆಜಿ ದ್ರಾಕ್ಷಿ ತನ್ನಿ. ತೊಟ್ಟು ಬಿಡಿಸಿ, ಕೊಳೆತದ್ದು, ಒಡೆದದ್ದು ಒಂದನ್ನೂ ಬಿಡದೆ ಆರಿಸಿ ತೆಗೆಯಿರಿ, ಆಮೇಲೆ ತೊಳೆಯಿರಿ. ಸ್ಟೀಲ್ ಪಾತ್ರೆಯಲ್ಲಿ ಕೈಯಲ್ಲೇ ಹಿಸುಕಿ. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ಕರಗಿಸಿಕೊಳ್ಳುತ್ತೆ. ನೀರು ಹಾಕಬೇಡಿ. ಸಣ್ಣ ಉರಿಯಲ್ಲಿ 65 ಡಿಗ್ರಿವರೆಗೆ ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ, ಅಂಚಲ್ಲಿ ಹಬೆ ಏಳ್ತಿರಬೇಕು, ಒಂದು ಗುಳ್ಳೆಯೂ ಬಂದಿರಬಾರದು. ಅದೇ ಶಾಖದಲ್ಲಿ 15 ನಿಮಿಷ ಮರದ ಸೌಟಲ್ಲಿ ಆಡಿಸ್ತಾ ಇದ್ದರೆ, ಮೊದಲು ನಸುಗೆಂಪಿದ್ದ ರಸ ನೋಡನೋಡ್ತಾ ಕಡುಗೆಂಪಾಗುತ್ತೆ, ಸಿಪ್ಪೆ ಬಿಳಚಿಕೊಳ್ಳುತ್ತೆ. ಅಲ್ಲಿಗೆ ಇಳಿಸಿ. ಕುದಿಸಿದರೆ ಘಮ ಹಬೆಯಲ್ಲಿ ಹೋಗಿ ಜಾಮ್ ವಾಸನೆ ಬರುತ್ತೆ.

ಒದ್ದೆ ಮಾಡಿ ಹಿಂಡಿದ ಪಂಚೆ ಬಟ್ಟೆಯಲ್ಲಿ ಸೋಸಿ, ಗಂಟು ಕಟ್ಟಿ ತೂಗುಹಾಕಿ. ಜೋರಾಗಿ ಹಿಂಡಿದರೆ ತಿರುಳು ಬಂದು ರಸ ಕದಡುತ್ತೆ, ಆ ಕದಡೇ ಮುಂದೆ ಲೋಟದಲ್ಲಿ ನೊರೆ ಎಬ್ಬಿಸೋದು. ಸುಮಾರು 1.4 ಲೀಟರ್ ರಸ ಸಿಗುತ್ತೆ. ಅದನ್ನು ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ ತಳದಲ್ಲಿ ಗಾಜಿನ ಪುಡಿಯಂಥ ಹರಳು ಕಾಣಬಹುದು. ಹೆದರಬೇಡಿ, ಗಾಜಲ್ಲ, ದ್ರಾಕ್ಷಿಯದೇ ಹುಳಿ ಉಪ್ಪು, ತಂಪಿಗೆ ಗಟ್ಟಿಯಾಗಿ ಕೂರುತ್ತೆ. ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ.

ಈಗ ಸಕ್ಕರೆ. ಪ್ರತಿ ಲೀಟರ್ ರಸಕ್ಕೆ 1.6 ಕೆಜಿ, ಅಂದರೆ 1.4 ಲೀಟರ್‌ಗೆ ಎರಡೂಕಾಲು ಕೆಜಿ. ಜಾಸ್ತಿ ಅನ್ನಿಸುತ್ತೆ, ಆದರೆ ಕೆಡದ ಹಾಗೆ ಕಾಯೋದು ಅದೇ. ನೀವು ಹಾಕಿದ ಅಳತೆಯಲ್ಲಿ ಹಣ್ಣಿನದೂ ಸೇರಿ ಒಟ್ಟು ಸಕ್ಕರೆ ನೂರಕ್ಕೆ 50ರ ಒಳಗೇ ಇತ್ತು. ಅಲ್ಲಿ ಯೀಸ್ಟ್ ಆರಾಮಾಗಿ ಬೆಳೆಯುತ್ತೆ, ಅದಕ್ಕೇ ಮುಚ್ಚಳ ಉಬ್ಬಿದ್ದು. ನೂರಕ್ಕೆ 65 ಮುಟ್ಟಿದರೆ ಅದಕ್ಕೆ ತುಂಬಾ ಕಷ್ಟ. ಉಬ್ಬಿದ ಗಾಜಿನ ಬಾಟಲಿಯನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಸಿಡಿಯುತ್ತೆ. ಒಳಗಿನದ್ದು ಹುದುಗಿದೆ, ಆಲ್ಕೋಹಾಲ್ ಬಂದಿರುತ್ತೆ, ಮಕ್ಕಳಿಗೆ ಕೊಡುವ ಮಾತೇ ಇಲ್ಲ.

ರಸಕ್ಕೆ ಸಕ್ಕರೆ ಹಾಕಿ, ಕರಗಿಸಿ, 85 ಡಿಗ್ರಿಗೆ ತಂದು ನೊರೆ ತೆಗೆದು, ಲೀಟರ್ ರಸಕ್ಕೆ 10 ಗ್ರಾಂ ನಿಂಬೆ ಉಪ್ಪು ಹಾಕಿ ಇಳಿಸಿ. ಎಳೆ ಪಾಕಕ್ಕೆ ಬರಿಸಲೇಬೇಡಿ. ಅಷ್ಟು ಗಟ್ಟಿಯಾದರೆ ಫ್ರಿಜ್‌ನಲ್ಲಿ ಸಕ್ಕರೆ ಹರಳುಗಟ್ಟುತ್ತೆ, ತಣ್ಣನೆ ಸೋಡಾದಲ್ಲಿ ಸಿರಪ್ ಕರಗದೆ ತಳ ಹಿಡಿಯುತ್ತೆ. ಹದ ನೋಡೋಕೆ ತಕ್ಕಡಿ ಸಾಕು: ಸರಿಯಾಗಿ 200 ಗ್ರಾಂ ನೀರು ಹಿಡಿಯುವ ಗುರುತು ಹಾಕಿಕೊಂಡ ಬಾಟಲಿಯಲ್ಲಿ, ಆರಿದ ಸಿರಪ್ ಅದೇ ಗುರುತಿಗೆ 263 ಗ್ರಾಂ ತೂಗಬೇಕು. 250 ತೂಗಿದರೆ ತೆಳು, ಇನ್ನಷ್ಟು ಸಕ್ಕರೆ ಬೇಕು.

ಬಾಟಲಿಯನ್ನು ಕುದಿಯುವ ನೀರಲ್ಲಿ 15 ನಿಮಿಷ ಇಟ್ಟು, ತೆಗೆದು, ಸಿರಪ್ ಬಿಸಿ ಇರುವಾಗಲೇ ತುಂಬಿ ಮುಚ್ಚಳ ಹಾಕಿ ಎರಡು ನಿಮಿಷ ಅಡ್ಡ ಮಲಗಿಸಿ. ಮುಚ್ಚಳದ ಒಳಭಾಗಕ್ಕೂ ಬಿಸಿ ತಾಗಬೇಕು. ಆರಿದ ಮೇಲೆ ಫ್ರಿಜ್‌ನಲ್ಲಿ ಎರಡು ತಿಂಗಳು ನಿಶ್ಚಿಂತೆ.

ಮುಳಬಾಗಿಲು_ರಸ

ಮೇಲಿನವರು ವಿವರವಾಗಿ ಹೇಳಿದ್ದಾರೆ. ಒಂದು ಸೇರಿಸಬಹುದಾ? ಹೊರಗಿಡೋದಾದರೆ ಲೀಟರ್‌ಗೆ ಅರ್ಧ ಗ್ರಾಂಗಿಂತ ಸ್ವಲ್ಪ ಜಾಸ್ತಿ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಕೆಡದಂತೆ ಕಾಯುವ ಪುಡಿ) ಹಾಕಿದರೆ ಕೆಡಲ್ಲ. ನಿಂಬೆ, ಮಾವಿನ ಸ್ಕ್ವಾಷ್‌ಗೆ ಹಾಕೋದು ಅದನ್ನೇ.

ಹಣ್ಣಿನ_ಪಾಕ

ಅಣ್ಣ, ನಿಂಬೆಗೆ, ಮಾವಿಗೆ ಸರಿ. ದ್ರಾಕ್ಷಿಗೆ, ನೇರಳೆಗೆ, ದಾಳಿಂಬೆಗೆ ಕೆಎಂಎಸ್ ಬೇಡ. ಅದರಿಂದ ಬರುವ ಗಂಧಕದ ಗ್ಯಾಸ್ ಕೆಂಪು ಬಣ್ಣವನ್ನೇ ಬಿಳಿಚಿಬಿಡುತ್ತೆ. ಆಸ್ತಮಾ ಇರುವವರಿಗೂ ಅದು ಆಗಿಬರಲ್ಲ, 80 ಜನ ಬರುವ ಕಡೆ ಯಾರಿಗೆ ಏನಿದೆ ಗೊತ್ತಾಗಲ್ಲ. ಬಣ್ಣದ ಹಣ್ಣಿಗೆ ಸೋಡಿಯಂ ಬೆಂಜೊಯೇಟ್, ಲೀಟರ್ ಸಿರಪ್‌ಗೆ 0.6 ಗ್ರಾಂ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ಇಲ್ಲದಿದ್ದರೆ ಅದರ ತಂಟೆಗೆ ಹೋಗದಿರೋದೇ ಒಳ್ಳೇದು. ಚಿಟಿಕೆ ಲೆಕ್ಕ ಇಲ್ಲಿ ನಡೆಯಲ್ಲ. ಫ್ರಿಜ್‌ನಲ್ಲಿ ಜಾಗ ಇದ್ದರೆ ಎರಡೂ ಬೇಡ.

ಗೋಲಿ_ಸೋಡಾ_ಕೋಲಾರ

ಗ್ಯಾಸ್ ವಿಷಯ ನಾನು ಹೇಳ್ತೀನಿ.

ನೀರು ತಣ್ಣಗಿದ್ದಷ್ಟೂ ಗ್ಯಾಸ್ ಹಿಡಿದಿಟ್ಟುಕೊಳ್ಳುತ್ತೆ. ಬಾಟಲಿ ತೆರೆದ ಮೇಲೆ, 0 ಡಿಗ್ರಿ ನೀರಲ್ಲಿ ಲೀಟರ್‌ಗೆ ಸುಮಾರು 3.3 ಗ್ರಾಂ ಕಾರ್ಬನ್ ಡೈಆಕ್ಸೈಡ್ ನಿಲ್ಲಬಲ್ಲದು, 20 ಡಿಗ್ರಿಗೆ 1.7, 30 ಡಿಗ್ರಿಗೆ ಬರೀ 1.3. ಏಪ್ರಿಲ್ ಬಿಸಿಲಲ್ಲಿ ಹೊರಗಿದ್ದ ಕ್ರೇಟಿನಿಂದ ತೆಗೆದ ಸೋಡಾಗೆ ಮಂಜುಗಡ್ಡೆ ಹಾಕಿದರೆ ಏನಾಗುತ್ತೆ ಅಂತ ಇದರಲ್ಲೇ ಗೊತ್ತಾಗುತ್ತೆ: ಐಸ್ ಕರಗಿ ತಣ್ಣಗಾಗುವ ಹೊತ್ತಿಗೆ ಗ್ಯಾಸ್ ಹೊರಟುಹೋಗಿರುತ್ತೆ. ಸೋಡಾ, ಸಿರಪ್, ಸಾಧ್ಯವಾದರೆ ಲೋಟವೂ ತಣ್ಣಗಿರಬೇಕು. ಹಿಂದಿನ ರಾತ್ರಿಯೇ ಫ್ರಿಜ್‌ಗೆ ಹಾಕಿ. ಜಾಗ ಸಾಲದಿದ್ದರೆ ದೊಡ್ಡ ಟಬ್‌ನಲ್ಲಿ ನೀರು, ಐಸ್ ಹಾಕಿ ಬಾಟಲಿಗಳನ್ನು ಕತ್ತಿನವರೆಗೆ ಮುಳುಗಿಸಿ ಎರಡು ಗಂಟೆ ಬಿಡಿ. ನೀರು ಹಾಕದೆ ಬರೀ ಐಸ್ ತುಂಡುಗಳ ನಡುವೆ ಇಟ್ಟರೆ ಅಷ್ಟು ಬೇಗ ತಣಿಯಲ್ಲ, ನೀರು ಇರಲೇಬೇಕು.

ಬೆರೆಸುವ ಕ್ರಮ: ಲೋಟಕ್ಕೆ 30 ಮಿಲಿ ಸಿರಪ್. ಅದರ ಮೇಲೆ ಎರಡು ಗುಟುಕಿನಷ್ಟು ಸೋಡಾ ಬಿಟ್ಟು ಚೆನ್ನಾಗಿ ಕಲಸಿ. ಈ ಸ್ವಲ್ಪದರ ಗ್ಯಾಸ್ ಹೋದರೂ ಚಿಂತೆಯಿಲ್ಲ, ಸಿರಪ್ ತೆಳುವಾಯಿತಲ್ಲ. ಆಮೇಲೆ ಐಸ್. ಐಸ್ ಅನ್ನು ಮೊದಲು ನೀರಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಫ್ರೀಜರ್‌ನಿಂದ ಬಂದ ಐಸ್ ಮೈ ಒರಟು, ಒಂದೊಂದು ಒರಟಿಗೂ ಗುಳ್ಳೆ ಹುಟ್ಟುತ್ತೆ. ತೊಳೆದರೆ ಮೈ ನುಣುಪಾಗುತ್ತೆ. ಉಳಿದ ಸೋಡಾವನ್ನು ಲೋಟ ಓರೆ ಮಾಡಿ ಅಂಚಿನಿಂದ ಇಳಿಸಿ, ಉದ್ದ ಚಮಚವನ್ನು ತಳಕ್ಕೆ ಇಳಿಸಿ ಒಂದೇ ಸಲ ಮೇಲೆತ್ತಿ. ತಿರುಗಿಸಬೇಡಿ.

ಉಪ್ಪು, ಜೀರಿಗೆ ಪುಡಿ ಏನೇ ಹಾಕೋದಿದ್ದರೂ ಸಿರಪ್‌ನಲ್ಲೇ ಕಲಸಿ. ಸೋಡಾ ಮೇಲೆ ಉದುರಿಸಿದರೆ ಉಕ್ಕಿ ಲೋಟದಾಚೆ ಹರಿಯುತ್ತೆ. ಕಾಮಕಸ್ತೂರಿ ಬೀಜ ಹಾಕುವವರು 15 ನಿಮಿಷ ನೆನೆಸಿ, ಸಿರಪ್ ಜೊತೆ ತಳದಲ್ಲೇ ಹಾಕಿ.

ಮನೆಯಲ್ಲೇ ಸೋಡಾ ಮಾಡುವ ಸೈಫನ್ ಇದ್ದರೆ, 1 ಲೀಟರ್ ತಣ್ಣನೆ ಆರ್‌ಓ ನೀರಿಗೆ 8 ಗ್ರಾಂ ಕಾರ್ಬನ್ ಡೈಆಕ್ಸೈಡ್ ತುಂಬಿದ ಒಂದು ಗುಂಡು, ಅಂದರೆ ಪುಟ್ಟ ಗ್ಯಾಸ್ ಸಿಲಿಂಡರ್. ನೀರಿಗೆ ಮಾತ್ರ ಗ್ಯಾಸ್ ತುಂಬಿ, ರಸಕ್ಕೆ ಬೇಡ, ನೊರೆ ಉಕ್ಕಿ ನಳಿಗೆ ಕಟ್ಟಿಕೊಳ್ಳುತ್ತೆ. ಕ್ರೀಮ್ ಎಬ್ಬಿಸುವ ಗುಂಡುಗಳೂ ನೋಡೋಕೆ ಹೀಗೇ ಇರ್ತವೆ, ಅದರಲ್ಲಿರೋದು ನೈಟ್ರಸ್ ಆಕ್ಸೈಡ್. ಪೆಟ್ಟಿಗೆ ಮೇಲೆ ಓದಿಯೇ ಕೊಳ್ಳಿ.

ಶಿಡ್ಲಘಟ್ಟ_ಅಡುಗೆಮನೆ

ತುಂಬಾ ಉಪಕಾರವಾಯ್ತು. ನಿಂಬೆರಸ ನಾಲ್ಕು ಹನಿ ಹಾಕಿದೆ, ಹೇಳಿದ ಹಾಗೆ ಕೆಂಪು ತಿರುಗಿ ಬಂತು! ಇನ್ನೆರಡು ಅನುಮಾನ. ಸೋಡಾ ಸಾಲದೆ ಬಂದರೆ ಅಡುಗೆ ಸೋಡಾ, ನಿಂಬೆ ಉಪ್ಪು ಹಾಕಿ ಗ್ಯಾಸ್ ಬರಿಸಬಹುದಾ? ಮತ್ತೆ, ದ್ರಾಕ್ಷಿ ಬೇಡ ಅನ್ನುವವರಿಗೆ ಮಾವಿನಲ್ಲಿ ಏನಾದರೂ?

ಗೋಲಿ_ಸೋಡಾ_ಕೋಲಾರ

ಅಡುಗೆ ಸೋಡಾ ಬೇಡಕ್ಕ. ಒಂದು ಲೀಟರ್‌ಗೆ ಅಂಗಡಿ ಸೋಡಾದಷ್ಟು, ಅಂದರೆ 7 ಗ್ರಾಂ ಗ್ಯಾಸ್ ಬೇಕಾದರೆ 13 ಗ್ರಾಂ ಅಡುಗೆ ಸೋಡಾ ಬೇಕು. ಅದರಿಂದ ನೀರಿಗೆ ಸೇರುವ ಸೋಡಿಯಂ, 9 ಗ್ರಾಂ ಅಡುಗೆ ಉಪ್ಪಿನಲ್ಲಿರುವಷ್ಟು. ಬಿಪಿ ಇರುವ ಹಿರಿಯರಿಗೆ ಖಂಡಿತ ಕೂಡದು. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗ್ಯಾಸ್ ಮೇಲೆಯೇ ಹೋಗುತ್ತೆ, ಉಪ್ಪುಪ್ಪು ರುಚಿ ಮಾತ್ರ ಉಳಿಯುತ್ತೆ. ಅದರ ಬದಲು ಎರಡು ಕ್ರೇಟ್ ಜಾಸ್ತಿ ಹೇಳಿಡಿ.

ಶ್ರೀನಿವಾಸಪುರ_ಮಾವು

ಮಾವಿಗೆ ನಾನು. ಹಣ್ಣಿನ ತಿರುಳು ಸೋಡಾಗೆ ಹೊಂದಲ್ಲ. ಬಾದಾಮಿ, ರಸಪುರಿ ಎಷ್ಟೇ ಚೆನ್ನಾಗಿದ್ದರೂ ನಾರು, ತಿರುಳಿನ ಕಣ ಎಲ್ಲ ಸೇರಿ ನೊರೆ ಗಡ್ಡೆ ಕಟ್ಟುತ್ತೆ, ಹತ್ತು ನಿಮಿಷಕ್ಕೆ ತಿರುಳು ಬೇರೆ, ನೀರು ಬೇರೆ. ಸೋಡಾಗೆ ತೋತಾಪುರಿ ಕಾಯಿಯೇ ಸರಿ, ಅದೂ ಬೇಯಿಸದೆ.

ಕಾಯಿ ಗಟ್ಟಿ ಇರಬೇಕು, ಒಳಗೆ ಬಿಳಿ. ತೊಟ್ಟು ಮುರಿದು ಸೊನೆ ಇಳಿಯುವ ಹಾಗೆ ತಲೆಕೆಳಗಾಗಿ ಅರ್ಧ ಗಂಟೆ ಇಟ್ಟು ತೊಳೆಯಿರಿ, ಇಲ್ಲದಿದ್ದರೆ ಸೊನೆಯ ಘಾಟು ಸಿರಪ್‌ಗೆ ಇಳಿದು ಗಂಟಲು ಕೆರೆಯುತ್ತೆ. ಸಿಪ್ಪೆ, ಓಟೆ ತೆಗೆದು ತೆಳ್ಳಗೆ ಹೆಚ್ಚಿದ ಹೋಳು 1 ಕೆಜಿ ಆಗಲಿ. ಅದಕ್ಕೆ 1 ಕೆಜಿ ಸಕ್ಕರೆ, 6 ಗ್ರಾಂ ಉಪ್ಪು. ಗಾಜಿನ ಭರಣಿಯಲ್ಲಿ ಒಂದು ಪದರ ಹೋಳು, ಒಂದು ಪದರ ಸಕ್ಕರೆ ಹಾಕಿ ಫ್ರಿಜ್‌ನಲ್ಲಿಡಿ. ಸಕ್ಕರೆ ಹೋಳಿನ ನೀರನ್ನು ಎಳೆದುಕೊಂಡು ಮರುದಿನಕ್ಕೆ ಹೋಳು ಮುದುಡಿ, ತಿಳಿ ಪಾಕ ನಿಂತಿರುತ್ತೆ. ಎರಡು ಸಲ ಅಲ್ಲಾಡಿಸಿ, ತಳದ ಸಕ್ಕರೆ ಪೂರ್ತಿ ಕರಗಿದ ಮೇಲೆ ಸೋಸಿ. ನಾಲ್ಕು ಏಲಕ್ಕಿ ಜಜ್ಜಿ ಹಾಕಿದರೆ ಸಾಕು, ಪುಡಿ ಬೇಡ. ಬೇಯಿಸದ್ದರಿಂದ ಹಸಿಕಾಯಿ ಕಡಿದಾಗಿನ ಆ ಘಮ ಹಾಗೇ ಉಳಿಯುತ್ತೆ. ಆದರೆ ಬೇಯಿಸದ್ದರಿಂದಲೇ ಬಾಳಿಕೆ ಕಮ್ಮಿ: ಫ್ರಿಜ್‌ನಲ್ಲಿ ಹತ್ತು ದಿನ ಅಷ್ಟೆ. ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆ ಮಾಡಿ. ಈ ಪಾಕ ದ್ರಾಕ್ಷಿಯದಕ್ಕಿಂತ ತೆಳು, ಲೋಟಕ್ಕೆ 35 ಮಿಲಿ ಬೇಕು. ಉಳಿದ ಹೋಳು ಬಿಸಾಡಬೇಡಿ, ಖಾರದಪುಡಿ ಹಾಕಿ ಒಗ್ಗರಣೆ ಕೊಟ್ಟರೆ ಊಟಕ್ಕೆ ಸಿಹಿ ಗೊಜ್ಜು.

ಹಣ್ಣಿನ_ಪಾಕ

ಕೊನೆಗೆ ಒಂದು ಕೆಲಸ ಮಾಡಿ. ಕ್ರೇಟ್ ಗಟ್ಟಲೆ ಹೇಳುವ ಮುಂಚೆ ಎರಡು ಮೂರು ಕಡೆಯಿಂದ ಒಂದೊಂದೇ ಸೋಡಾ ತಂದು, ಬಿಳಿ ಲೋಟಗಳಲ್ಲಿ 200 ಮಿಲಿ ಹಾಕಿ, ನಿಂಬೆ ಉಪ್ಪು ಸೇರಿಸದ ದ್ರಾಕ್ಷಿ ರಸ ಎರಡೆರಡು ಚಮಚ ಬಿಡಿ. ಪಕ್ಕದಲ್ಲಿ ಕ್ಯಾನ್‌ನ ಆರ್‌ಓ ನೀರಿನ ಲೋಟವೂ ಒಂದಿರಲಿ. ಯಾವುದು ಅದರಷ್ಟೇ ಕೆಂಪಗೆ ಉಳಿಯುತ್ತೋ ಆ ಸೋಡಾ ತಗೊಳ್ಳಿ. ನೀಲಿಗೆ ಹೊರಳಿದ್ದನ್ನು ಬಿಡಿ.

ಶಿಡ್ಲಘಟ್ಟ_ಅಡುಗೆಮನೆ

ಭಾನುವಾರ ಸಂತೆಯಿಂದ ದ್ರಾಕ್ಷಿ ತರ್ತೀನಿ, ಅವತ್ತೇ ಸೋಡಾ ಪರೀಕ್ಷೆ. 263 ಗ್ರಾಂ ತೂಕ ಬಂತಾ ಇಲ್ವಾ ಅಂತ ಇಲ್ಲೇ ಬರೀತೀನಿ.