ಪದಚರ್ಚೆ: ಸಿಮ್ಯುಲೇಶನ್ನಿನ 'ಸ್ಲ್ಯಾಕ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಪ್ಯಾರಲಲ್ ಸಿಮ್ಯುಲೇಶನ್, ಅಂದರೆ ಒಂದು ಯಂತ್ರದ ನಡೆಯನ್ನು ಸಾಫ್ಟ್‌ವೇರಿನಲ್ಲಿ ಅನುಕರಿಸುವ ಕೆಲಸವನ್ನು ಹಂಚಿ ಏಕಕಾಲಕ್ಕೆ ಮಾಡುವುದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 'ಸ್ಲ್ಯಾಕ್' ಅನ್ನುವ ಪದಕ್ಕೆ ನಿಮ್ಮ ಸಲಹೆ ಬೇಕು.

64 ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಹೊಸ ಚಿಪ್ ಹೇಗೆ ನಡೆಯುತ್ತದೆ ಅಂತ 8 ಕೋರ್‌ಗಳ ಕಂಪ್ಯೂಟರಿನಲ್ಲಿ ನೋಡಬೇಕು ಅಂದುಕೊಳ್ಳಿ. ಸಿಮ್ಯುಲೇಶನ್ನಿನೊಳಗೆ ಚಿಪ್ಪಿನ ಪ್ರತಿ ಕೋರ್‌ಗೂ ಅದರದೇ ಗಡಿಯಾರ. ಒಂದೊಂದು ಸೈಕಲ್ಲಿಗೂ (ಗಡಿಯಾರದ ಒಂದೊಂದು ಮಿಡಿತಕ್ಕೂ) ಎಲ್ಲವೂ ಒಂದಕ್ಕೊಂದು ಕಾದು ಹೊರಟರೆ ಲೆಕ್ಕ ನಿಖರ. ಆದರೆ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಹಾಗಾಗಿ ಒಂದು ಕೋರ್ ಮಿಕ್ಕವಕ್ಕಿಂತ ಇಷ್ಟು ಸೈಕಲ್ ಮುಂದಿರಬಹುದು ಅಂತ ಬಿಡುತ್ತಾರೆ. ಅದೇ ಸ್ಲ್ಯಾಕ್. ಅದು ಜಾಸ್ತಿಯಾದಷ್ಟೂ ಕಾಯುವುದು ಕಡಿಮೆ. ಆದರೆ ಆಗಲೇ 150ನೇ ಸೈಕಲ್ ಮುಟ್ಟಿದ ಕೋರ್‌ಗೆ 90ನೇ ಸೈಕಲ್ಲಿನ ಸಂದೇಶ ಬರುವಂಥ ಎಡವಟ್ಟೂ ಜಾಸ್ತಿ. ಪ್ರೋಗ್ರಾಂ ಕೊಡುವ ಉತ್ತರ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಎಷ್ಟು ಸೈಕಲ್ ಹಿಡಿಯಿತು ಅನ್ನುವ ಲೆಕ್ಕ ಮಾತ್ರ ಏರುಪೇರಾಗುತ್ತದೆ.

ಮೊದಲು ಹೊಳೆದದ್ದು 'ಸಡಿಲ'. ಎಂಐಟಿಯ ಗ್ರಾಫೈಟ್ ಸಿಮ್ಯುಲೇಟರಿನ (2010) 'ಲ್ಯಾಕ್ಸ್' ಕ್ರಮಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಪ್ರೋಗ್ರಾಮಿನಲ್ಲೇ ಲಾಕ್ (ಒಂದು ಭಾಗ ಬಳಸುವಾಗ ಇನ್ನೊಂದನ್ನು ತಡೆಯುವ ಬೀಗ), ಸಂದೇಶದಂಥದ್ದು ಬಂದಾಗ ಮಾತ್ರ ಗಡಿಯಾರಗಳನ್ನು ಹೊಂದಿಸುತ್ತಾರೆ. ಆದರೆ ಸ್ಲ್ಯಾಕ್‌ಗೆ ಅಳತೆ ಇದೆ. '50 ಸೈಕಲ್ ಸಡಿಲ' ಕಿವಿಗೆ ಒಗ್ಗುವುದಿಲ್ಲ, ಅಲ್ವಾ? ಇನ್ನೂ ಒಂದು ತೊಡಕು ಇದೆ. ಸಡಿಲ ಅಂದ ಕೂಡಲೇ ನಿಖರತೆ ಕೆಟ್ಟಿತು ಅನ್ನಿಸುತ್ತದೆ. ಯಾವಾಗಲೂ ಹಾಗಲ್ಲ. ಒಂದು ಕೋರಿನ ಸಂದೇಶ ಇನ್ನೊಂದನ್ನು ಮುಟ್ಟಲು ಕಡಿಮೆ ಅಂದರೂ 100 ಸೈಕಲ್ ಬೇಕು ಅಂತಿದ್ದರೆ, 100 ಸೈಕಲ್ಲಿಗೊಮ್ಮೆ ಗಡಿಯಾರ ಹೊಂದಿಸಿದರೂ ಲೆಕ್ಕ ಒಂದಿಷ್ಟೂ ತಪ್ಪುವುದಿಲ್ಲ. ಈ ವಿಷಯದಲ್ಲಿ ನನಗೆ ತುಂಬ ಚಂದ ಅನ್ನಿಸುವ ಮಾತು ಇದೇ. ಪದ ಅದನ್ನು ಮುಚ್ಚಿಹಾಕಬಾರದು.

'ಸಲಿಗೆ' ಮನುಷ್ಯರ ನಡುವಿನದು. 'ವಿನಾಯಿತಿ' ಸರ್ಕಾರಿ ಕಾಗದದ ಪದ. 'ಬಿಡುವು' ಅಂದರೆ ಕೆಲಸವಿಲ್ಲದ ಹೊತ್ತು, ಇಲ್ಲಿ ನಡೆಯುವುದು ಅದಕ್ಕೆ ಪೂರ್ತಿ ಉಲ್ಟಾ.

ಸದ್ಯಕ್ಕೆ ಮನಸ್ಸು 'ಮುನ್ನಡೆ'ಯ ಕಡೆಗಿದೆ. '20 ರನ್ ಮುನ್ನಡೆ', 'ಸಾವಿರ ಮತಗಳ ಮುನ್ನಡೆ' ಅಂತ ಅಂಕಿಯ ಜೊತೆ ಈಗಾಗಲೇ ಬಳಸುತ್ತೇವೆ. '50 ಸೈಕಲ್ ಮುನ್ನಡೆ' ಅಂದರೆ ವಿವರಣೆಯೇ ಬೇಡ. ಗರಿಷ್ಠ ಅಂತರಕ್ಕೆ 'ಮುನ್ನಡೆ ಮಿತಿ' ಅನ್ನಬಹುದು. ಆದರೆ ಪ್ರಗತಿ ಅನ್ನುವ ಅರ್ಥವೂ ಅದಕ್ಕಿದೆ. 'ಸಿಮ್ಯುಲೇಶನ್ನಿನ ಮುನ್ನಡೆ' ಅಂತ ಬರೆದರೆ ಓದುವವರು ಯಾವುದು ಅಂದುಕೊಳ್ಳುತ್ತಾರೆ? 'ಲುಕ್‌ಅಹೆಡ್'ಗೆ (ಮುಂದಿನ ಎಷ್ಟು ಸೈಕಲ್ ಬೇರೆ ಕೋರಿನ ಸಂದೇಶ ಬರುವುದಿಲ್ಲ ಅಂತ ಖಚಿತವಾಗಿ ಹೇಳಬಹುದೋ ಅದಕ್ಕೆ) 'ಮುನ್ನೋಟ' ಇಟ್ಟುಕೊಂಡಿದ್ದೇನೆ. ಎರಡೂ ಒಂದೇ ಪುಟದಲ್ಲಿ ಬಂದರೆ ಗೊಂದಲವಾಗುತ್ತದೆಯೇ? ಬೇರೆ ಪದ ಹೊಳೆದರೆ ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.