ಬೀದಿಯಲ್ಲಿದ್ದ ಮಗು ಮನೆ ಸೇರಬೇಕಾದರೆ: ನಿಮ್ಮ ಪ್ರಶ್ನೆ, ಆಪ್ತಸಮಾಲೋಚಕಿಯ ಉತ್ತರ

ಈ ವಾರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ರೈಲು ನಿಲ್ದಾಣ, ಬಸ್ ಸ್ಟ್ಯಾಂಡುಗಳಲ್ಲಿ ಸಿಗುವ ಮಕ್ಕಳ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕಿ. ಪ್ರಶ್ನೆ ಕೇಳುವಾಗ ಮಗುವಿನ ಹೆಸರು, ಫೋಟೊ ಹಾಕಬೇಡಿ.

ಪ್ರಶ್ನೆ (ಟೀ ಅಂಗಡಿ ನಡೆಸುವ ಸದಸ್ಯರು, ಬೆಂಗಳೂರು): ಮೇಡಂ, ನಮ್ಮ ಅಂಗಡಿ ಯಶವಂತಪುರ ಸ್ಟೇಷನ್ ಹತ್ತಿರ. ವಾರದಿಂದ ಒಬ್ಬ ಹುಡುಗ ಬರುತ್ತಿದ್ದಾನೆ, ಹನ್ನೊಂದೋ ಹನ್ನೆರಡೋ ವರ್ಷ ಇರಬಹುದು. ಲೋಟ ತೊಳೆದುಕೊಡ್ತೀನಿ, ತಿಂಡಿ ಕೊಡಿ ಅಂತಾನೆ. ರಾತ್ರಿ ಫುಟ್‌ಪಾತ್ ಮೇಲೆ ಮಲಗುತ್ತಾನೆ. ಅಪ್ಪ ಅಮ್ಮ ಸತ್ತುಹೋಗಿದ್ದಾರೆ ಅಂತಾನೆ. ಮಾತು ಉತ್ತರ ಕರ್ನಾಟಕದ್ದು. ನಾನೇ ಟಿಕೆಟ್ ತೆಗೆಸಿ ಬಸ್ ಹತ್ತಿಸಲಾ? ಇಲ್ಲಾ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಬಿಡಲಾ?

ಉತ್ತರ: ಎರಡೂ ಬೇಡ ಸರ್. ಇವತ್ತೇ 1098ಕ್ಕೆ ಫೋನ್ ಮಾಡಿ.

ಬಸ್ ಹತ್ತಿಸಿದರೆ ಅವನು ತುಮಕೂರಿನಲ್ಲೇ ಇಳಿದುಬಿಡಬಹುದು. ಮನೆ ಬಿಟ್ಟು ಬಂದಿದ್ದಕ್ಕೆ ಒಂದು ಕಾರಣ ಇರುತ್ತದೆ ಅಲ್ವಾ, ಆ ಕಾರಣ ಇನ್ನೂ ಆ ಮನೆಯಲ್ಲೇ ಕೂತಿರುತ್ತದೆ. ಫೋಟೊ ವಿಷಯವಂತೂ ದಯವಿಟ್ಟು ಬೇಡ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ. ಕಾನೂನು ಬದಿಗಿರಲಿ. ಆ ಮಗು ಯಾರಿಂದ ತಪ್ಪಿಸಿಕೊಂಡು ಬಂದಿದೆ ಅಂತ ನಮಗೆ ಗೊತ್ತಿಲ್ಲ. ಫೋಟೊ ನೋಡಿ 'ನಾನು ಅವನ ಮಾವ' ಅಂತ ಬಂದವನು ನಿಜವಾಗಿ ಯಾರೋ?

1098 ಅನ್ನುವುದು 1996ರಲ್ಲಿ ಮುಂಬೈನಲ್ಲಿ ಶುರುವಾದ ಮಕ್ಕಳ ಸಹಾಯವಾಣಿ. 2023ರಿಂದ ಸರ್ಕಾರವೇ ನಡೆಸುತ್ತಿದೆ, ತುರ್ತು ಸಹಾಯದ ನಂಬರ್ 112ರ ಜೊತೆ ಸೇರಿಸಿದ್ದಾರೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ. ಅವರು ಬಂದು ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ (ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಜಿಲ್ಲೆಯ ಸಮಿತಿ) ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಅದರಲ್ಲಿ ಸೇರುವುದಿಲ್ಲ. ನೀವೇ ಕರೆದುಕೊಂಡು ಹೋಗಿ ಹಾಜರುಪಡಿಸುವುದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ಆದರೆ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳಬೇಡಿ.

ಅವರು ಬರುವವರೆಗೆ ತಿಂಡಿ ಕೊಡಿ, ಕೂರಿಸಿಕೊಳ್ಳಿ. ಲೋಟ ಮಾತ್ರ ತೊಳೆಸಬೇಡಿ. 14 ವರ್ಷದೊಳಗಿನ ಮಗುವಿನಿಂದ ಅಂಗಡಿಯಲ್ಲಿ ಕೆಲಸ ಮಾಡಿಸುವುದು ಅಪರಾಧ, ಪ್ರೀತಿಯಿಂದ ಮಾಡಿಸಿದರೂ ಅಷ್ಟೇ. ಪ್ರಶ್ನೆ ಮೇಲೆ ಪ್ರಶ್ನೆ ಕೇಳಬೇಡಿ. 'ಅಪ್ಪ ಅಮ್ಮ ಇಲ್ಲ' ಅನ್ನುವುದು ಎಷ್ಟೋ ಮಕ್ಕಳು ಕೊಡುವ ಮೊದಲ ಉತ್ತರ. ಸುಳ್ಳು ಅಂತ ಅನಿಸಿದರೂ ಅದನ್ನು ಅವನ ಮುಂದೆ ಎತ್ತಿ ಆಡಬೇಡಿ.

ಪ್ರಶ್ನೆ (ಅದೇ ಸದಸ್ಯರು): ಆಗಲಿ ಮೇಡಂ, ಈಗಲೇ ಮಾಡ್ತೀನಿ. ಆದರೆ ಸುಳ್ಳು ಹೇಳಿದರೆ ನಿಮಗೆ ಅವನ ಊರು ಸಿಗೋದು ಹೇಗೆ?

ಉತ್ತರ: ಒಳ್ಳೆಯದಾಯಿತು ಸರ್.

ಊರು ಕೇಳಿದರೆ ಊರು ಸಿಗುವುದಿಲ್ಲ. ನಾವು ಬೇರೆ ಏನೇನೋ ಮಾತಾಡುತ್ತೇವೆ. ನಿಮ್ಮಲ್ಲಿ ಜಾತ್ರೆ ಯಾವಾಗ, ತೇರು ಎಳೆಯುತ್ತಾರಾ, ಶಾಲೆಗೆ ನಡೆದು ಹೋಗ್ತಿದ್ಯಾ, ಬಸ್ಸು ಎಲ್ಲಿ ಬದಲಾಯಿಸಬೇಕು, ಹೀಗೆ. ಒಬ್ಬ ಹುಡುಗ ತನ್ನದು ಹುಬ್ಬಳ್ಳಿ, ಅಪ್ಪ ಸತ್ತುಹೋಗಿದ್ದಾನೆ ಅಂತಲೇ ಪಟ್ಟು ಹಿಡಿದಿದ್ದ. ತೆರೆದ ತಂಗುದಾಣದಲ್ಲಿ (ಬೀದಿ ಮಕ್ಕಳು ಸ್ವಲ್ಪ ದಿನ ಉಳಿಯುವ ಆಶ್ರಯ) ಅಡುಗೆಯವರ ಜೊತೆ ಅಕ್ಕಿ ಆರಿಸುತ್ತಾ ಕೂತಿದ್ದಾಗ ಒಂದು ಮಾತು ಬಂತು: 'ಕಾಲುವಿ ನೀರು ಬಿಟ್ಟಾಗ ನಮ್ಮಪ್ಪ ರಾತ್ರಿ ಗದ್ದ್ಯಾಗ ಮಲಗತಾನ, ಇಲ್ಲಾಂದ್ರ ಮ್ಯಾಲಿನವ್ರು ನೀರು ತಿರುಗಿಸ್ಕೊಂತಾರ.' ಭತ್ತದ ಗದ್ದೆ, ಕಾಲುವೆ, ನೀರಿಗೆ ರಾತ್ರಿ ಕಾವಲು. ಹುಬ್ಬಳ್ಳಿ ಕಡೆಯ ಮಾತಲ್ಲ ಅದು. ತುಂಗಭದ್ರಾ ಎಡದಂಡೆ ಕಾಲುವೆ ಸೀಮೆ, ಗಂಗಾವತಿ, ಸಿಂಧನೂರು, ಮಾನ್ವಿ. ಅಲ್ಲಿಯ ಠಾಣೆಗಳಲ್ಲಿ ನಾಪತ್ತೆ ದೂರು ಹುಡುಕಿಸಿದಾಗ ಅವನ ಅಪ್ಪ ಕೊಟ್ಟಿದ್ದ ದೂರು ಸಿಕ್ಕಿತು. ಅಪ್ಪ ಸತ್ತಿರಲಿಲ್ಲ.

ಇಲ್ಲಿ ಹೆತ್ತವರಿಗೂ ಒಂದು ಮಾತು. ಮಗು ಕಾಣದಿದ್ದರೆ ನೆಂಟರ ಮನೆಯಲ್ಲಿ ಇರಬಹುದು ಅಂತ ಕಾಯುತ್ತಾ ಕೂರಬೇಡಿ. ಮಗು ನಾಪತ್ತೆ ಅಂದರೆ ಪೊಲೀಸರು ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಆ ದೂರು ಇದ್ದರೆ ನಮ್ಮ ಕೆಲಸ ಅರ್ಧ ಆದ ಹಾಗೆ.

ಊರು ಗೊತ್ತಾದ ತಕ್ಷಣ ಕಳಿಸಿಬಿಡುವುದಿಲ್ಲ. ಆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಹೋಗಿ ನೋಡಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅದಕ್ಕೆ 15 ದಿನ, ಸಮಿತಿಯ ಕೊನೆಯ ಆದೇಶಕ್ಕೆ ನಾಲ್ಕು ತಿಂಗಳು ಅಂತ ಕಾಯ್ದೆ ಗಡುವು ಹಾಕಿದೆ. ಜನ ಇದನ್ನು ಕಚೇರಿ ಅಲೆದಾಟ ಅಂದುಕೊಳ್ಳುತ್ತಾರೆ. ನನಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ಮನೆಯಲ್ಲಿ ಯಾರು ಕುಡಿಯುತ್ತಾರೆ, ಯಾರು ಹೊಡೆಯುತ್ತಾರೆ, ಮಗು ಎಲ್ಲಿ ಮಲಗುತ್ತದೆ, ಸಾಲ ಕೊಟ್ಟವನ ಹೊಲಕ್ಕೆ ಮಗುವನ್ನು ದುಡಿಯಲು ಕಳಿಸುತ್ತಿದ್ದರಾ, ಇದೆಲ್ಲ ಹೋಗಿ ನೋಡದೆ ತಿಳಿಯುವುದಿಲ್ಲ.

ಇನ್ನೊಂದು, ಬೇಗ ಸಿಕ್ಕ ಮಗು ಬೇಗ ಮರಳುತ್ತದೆ. ವರ್ಷಗಟ್ಟಲೆ ಪ್ಲಾಟ್‌ಫಾರ್ಮ್‌ನಲ್ಲಿ ಬೆಳೆದ ಮಗುವಿಗೆ ಅದೇ ಮನೆ, ಅಲ್ಲಿಯ ಗೆಳೆಯರೇ ಬಂಧುಗಳು. 1992ರಲ್ಲಿ ರಾಯಚೂರು ರೈಲು ನಿಲ್ದಾಣದಲ್ಲಿ ಕೆಲಸ ಶುರು ಮಾಡಿದ ಸಾಥಿ ಸಂಸ್ಥೆ ಇದನ್ನು ಚೆನ್ನಾಗಿ ಅರಿತಿತ್ತು. ಮಕ್ಕಳನ್ನು ಹಾಸ್ಟೆಲಿನಲ್ಲಿ ಇಟ್ಟು ಸಾಕುವುದಕ್ಕಿಂತ ಮನೆಗೆ ಮರಳಿಸುವುದಕ್ಕೇ ಒತ್ತು ಕೊಟ್ಟಿತು. ತುಂಬಾ ದಿನ ಬೀದಿಯಲ್ಲಿದ್ದವರಿಗೆ ಮನೆ ಕಡೆ ಮನಸ್ಸು ತಿರುಗಿಸುವ ಶಿಬಿರಗಳನ್ನೂ ನಡೆಸಿತು.

ಪ್ರಶ್ನೆ (ಒಬ್ಬ ತಾಯಿ): ಮೇಡಂ, ನನ್ನ ಮಗನಿಗೆ 14. ಎಂಟು ತಿಂಗಳು ನಾಪತ್ತೆ ಆಗಿದ್ದ, ಸಮಿತಿಯವರು ಮನೆಗೆ ಕಳಿಸಿದ್ದಾರೆ. ಬಂದಿದ್ದಾನೆ ಅನ್ನೋದೇ ಖುಷಿ, ಆದರೆ ಇವನು ನನ್ನ ಮಗನೇನಾ ಅನಿಸುತ್ತೆ. ರಾತ್ರಿ ಒಳಗೆ ಮಲಗಲ್ಲ, ಕಟ್ಟೆ ಮೇಲೆ ಮಲಗ್ತಾನೆ. ರೊಟ್ಟಿ ಬಚ್ಚಿಡ್ತಾನೆ. ಪಂಕ್ಚರ್ ಸಲ್ಯೂಷನ್ ಮೂಸ್ತಾನೆ ಅಂತ ಅನುಮಾನ. ಇವರಪ್ಪ ಕಟ್ಟಿಹಾಕು ಅಂತಾರೆ. ಮತ್ತೆ ಹೋಗಿಬಿಟ್ಟರೆ ಅಂತ ನನಗೆ ನಿದ್ದೆ ಇಲ್ಲ.

ಉತ್ತರ: ಅಮ್ಮಾ, ಮೊದಲು ಇಷ್ಟು ತಿಳಿದುಕೊಳ್ಳಿ. ನೀವು ಹೇಳಿದ ಯಾವುದೂ ಅವನು ಕೆಟ್ಟುಹೋಗಿದ್ದಾನೆ ಅನ್ನುವುದಕ್ಕೆ ಗುರುತಲ್ಲ.

ಎಂಟು ತಿಂಗಳು ಅವನು ಅರೆಗಣ್ಣಿನಲ್ಲಿ ಮಲಗಿರುತ್ತಾನೆ. ಯಾರು ಒದೆಯುತ್ತಾರೋ, ಯಾರು ಜೇಬಿಗೆ ಕೈ ಹಾಕುತ್ತಾರೋ ಅಂತ. ಬಾಗಿಲು ಹಾಕಿದ ಕೋಣೆ ಅವನಿಗೆ ಈಗ ಉಸಿರು ಕಟ್ಟಿಸುತ್ತದೆ. ಕಟ್ಟೆ ಮೇಲೆ ಮಲಗಲಿ ಬಿಡಿ, ಹೊದಿಕೆ ಕೊಡಿ. ಆದರೆ ನೀವೋ ಅಣ್ಣನೋ ಹತ್ತಿರದಲ್ಲೇ ಮಲಗಿ. ರೊಟ್ಟಿ ಬಚ್ಚಿಟ್ಟಿದ್ದನ್ನು ನೋಡಿದೆ ಅಂತ ಹೇಳಬೇಡಿ. ಒಂದು ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಹಾಕಿ ಅವನ ಕೈಗೆ ಸಿಗುವಲ್ಲಿ ಇಡಿ, ಯಾವಾಗ ಬೇಕಾದರೂ ತಿನ್ನು ಅನ್ನಿ. ಹೊಟ್ಟೆಗೆ ನಂಬಿಕೆ ಬರಲು ಸಮಯ ಬೇಕು.

ಅಪ್ಪನಿಗೆ ನನ್ನ ಮಾತು ಓದಿ ಹೇಳಿ. ಯಜಮಾನರೇ, ಕಟ್ಟಿಹಾಕಿದರೆ ಹಗ್ಗ ಬಿಚ್ಚಿದ ದಿನ ಹೋಗುತ್ತಾನೆ. ನಿಮಗೆ ಸಿಟ್ಟಿರುವುದು ನಿಜ, ಎಂಟು ತಿಂಗಳು ನೀವೂ ಊರೂರು ಹುಡುಕಿ ಬೆಂದಿದ್ದೀರಿ. ಅದನ್ನೇ ಅವನಿಗೆ ಹೇಳಿ: 'ನೀನು ಇಲ್ಲದೆ ನನಗೆ ಊಟ ಸೇರಲಿಲ್ಲ ಕಣಪ್ಪಾ.' ಎಷ್ಟೋ ಹುಡುಗರು ಮನೆಯವರು ತಮ್ಮನ್ನು ಹುಡುಕಲೇ ಇಲ್ಲ ಅಂತ ನಂಬಿಕೊಂಡಿರುತ್ತಾರೆ. ನೀವು ಅಂಟಿಸಿದ ನಾಪತ್ತೆ ಪೋಸ್ಟರ್ ಮನೆಯಲ್ಲಿದ್ದರೆ ಅವನಿಗೆ ತೋರಿಸಿ.

'ಯಾಕೆ ಹೋದೆ' ಅಂತ ಕೇಳುವುದನ್ನು ನಿಲ್ಲಿಸಿ. ಅವನೇ ಒಂದು ದಿನ ಹೇಳುತ್ತಾನೆ, ಸ್ವಲ್ಪ ಸ್ವಲ್ಪವಾಗಿ. ಯಾರಾದರೂ ಮೈ ಮುಟ್ಟಿ ಹಿಂಸೆ ಕೊಟ್ಟಿದ್ದರು ಅಂತ ಹೇಳಿದರೆ ಬೈಯಬೇಡಿ, ಗಾಬರಿ ತೋರಿಸಬೇಡಿ. ಮುಚ್ಚಿಡಲೂ ಬೇಡಿ, ಅದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣ, ನಮಗೆ ಅಥವಾ 1098ಕ್ಕೆ ತಿಳಿಸಿ. 'ಓಡಿಹೋಗಿದ್ದವನು' ಅಂತ ಚುಚ್ಚುವ ನೆಂಟರನ್ನು ಸದ್ಯಕ್ಕೆ ದೂರ ಇಡಿ.

ಅವನು ಅಲ್ಲಿ ಸ್ವಂತ ದುಡ್ಡು ಕಂಡಿದ್ದಾನೆ, ಸ್ವಂತ ತೀರ್ಮಾನ ತೆಗೆದುಕೊಂಡಿದ್ದಾನೆ. ಇಲ್ಲಿ ಬಂದ ಕೂಡಲೇ ಚಿಕ್ಕ ಮಗು ಆಗು ಅಂದರೆ ಆಗುವುದಿಲ್ಲ. ಸಂತೆಗೆ ಕಳಿಸಿ, ನೂರು ರೂಪಾಯಿ ಕೈಗೆ ಕೊಟ್ಟು ತರಕಾರಿ ತರಿಸಿ. ನಂಬಿ ಕೊಟ್ಟ ದುಡ್ಡು ಅವನಿಗೆ ಗೊತ್ತಾಗುತ್ತದೆ.

ಸಲ್ಯೂಷನ್ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಮೆದುಳಿಗೆ, ಹೃದಯಕ್ಕೆ ಪೆಟ್ಟು ಕೊಡುತ್ತದೆ. ಹಸಿವು ಕಾಣಬಾರದು, ಚಳಿ ಕಾಣಬಾರದು ಅಂತ ಬೀದಿಯಲ್ಲಿ ಕಲಿಯುತ್ತಾರೆ. ಬಟ್ಟೆಯಲ್ಲಿ ಪೇಂಟಿನಂಥ ವಾಸನೆ, ಮೂಗು ಬಾಯಿ ಸುತ್ತ ಕೆಂಪು ಗುಳ್ಳೆ ಇದೆಯಾ ನೋಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಧಾರವಾಡ ಹತ್ತಿರವಾದರೆ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಬೆಂಗಳೂರಾದರೆ ನಿಮ್ಹಾನ್ಸ್. ಹೋಗಲು ಆಗುವವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ನಿದ್ದೆಯ ಬಗ್ಗೆಯೂ ಅಲ್ಲಿ ಹೇಳಿಕೊಳ್ಳಿ, ಅದೂ ಮುಖ್ಯ.

ಮತ್ತೆ ಹೋದರೆ? ಹೋಗಬಹುದು. ಒಂದೇ ಸಲಕ್ಕೆ ನಿಲ್ಲದ ಮಕ್ಕಳು ಇದ್ದಾರೆ. ಹೋದರೆ ಆ ಗಂಟೆಯಲ್ಲೇ ಠಾಣೆಗೆ ಹೋಗಿ, 1098ಕ್ಕೂ ಹೇಳಿ. ಸಿಕ್ಕಾಗ ಮೊದಲ ಮಾತು 'ಊಟ ಮಾಡಿದ್ಯಾ' ಅಂತ ಇರಲಿ.

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ): ಮಗು ಮನೆಗೆ ಹೋಗಲ್ಲ ಅಂದರೆ ಒತ್ತಾಯದಿಂದ ಕಳಿಸುತ್ತೀರಾ?

ಉತ್ತರ: ಇಲ್ಲ. ಸಮಿತಿ ಮಗುವಿನ ಮಾತು ಕೇಳಲೇಬೇಕು. ಹೊಡೆಯುವ ಮಲತಂದೆ ಇದ್ದಲ್ಲಿ ಅಜ್ಜಿ ಮನೆ ಇರಬಹುದು, ಸೋದರಮಾವ ಇರಬಹುದು. ನಾನು ಮೊದಲು ಹುಡುಕುವುದು ಅಜ್ಜಿಯರನ್ನೇ. ಯಾರೂ ಇಲ್ಲದಿದ್ದರೆ ಪೋಷಕತ್ವ ಕುಟುಂಬ, ಅಂದರೆ ಮಗುವನ್ನು ಇಟ್ಟುಕೊಂಡು ನೋಡಿಕೊಳ್ಳುವ ಬೇರೆ ಮನೆ, ಅದೂ ಇಲ್ಲದಿದ್ದರೆ ಬಾಲಮಂದಿರ. ಅಲ್ಲಿಂದ 18ಕ್ಕೆ ಹೊರಬರುವವರಿಗೆ 21ರವರೆಗೆ ಅನುಪಾಲನಾ ನೆರವು, ಅಂದರೆ ಸ್ವಂತ ಕಾಲ ಮೇಲೆ ನಿಲ್ಲಲು ಸಹಾಯ, ಕೊಡುವುದಕ್ಕೂ ಕಾಯ್ದೆಯಲ್ಲಿ ಜಾಗ ಇದೆ. ಎಲ್ಲ ಮನೆಯೂ ಮರಳುವಂಥ ಮನೆ ಅಲ್ಲ ಅಂತ ಒಪ್ಪಿಕೊಳ್ಳದವರು ಈ ಕೆಲಸಕ್ಕೆ ಬರಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ (ಸರ್ಕಾರಿ ಶಾಲೆಯ ಶಿಕ್ಷಕರು): ಹೀಗೆ ಮರಳಿದ 12 ವರ್ಷದ ಹುಡುಗನಿಗೆ ಅಕ್ಷರ ಮರೆತಿದೆ. ಟಿಸಿಯೂ ಇಲ್ಲ. ಮೂರನೇ ಕ್ಲಾಸಿಗೆ ಹಾಕಬಹುದಾ?

ಉತ್ತರ: ಬೇಡ ಮೇಷ್ಟ್ರೇ. ಚಿಕ್ಕವರ ನಡುವೆ ಕೂರಿಸಿದರೆ ನಾಚಿಕೆಯಿಂದಲೇ ಶಾಲೆ ಬಿಡುತ್ತಾನೆ. ಶಿಕ್ಷಣ ಹಕ್ಕು ಕಾಯ್ದೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ಅನ್ನುತ್ತದೆ, ಜೊತೆಗೆ ವಿಶೇಷ ತರಬೇತಿ ಕೊಡಬೇಕು. ಟಿಸಿ ಇಲ್ಲ ಅಂತ ದಾಖಲಾತಿ ನಿಲ್ಲಿಸುವ ಹಾಗಿಲ್ಲ. ಅವನು ಎಲ್ಲಿದ್ದ ಅಂತ ಕ್ಲಾಸಿನಲ್ಲಿ ಯಾರಿಗೂ ಹೇಳಬೇಡಿ.

ಪ್ರಶ್ನೆ (ಮೇಲಿನ ತಾಯಿ): ಡಬ್ಬಿ ಇಟ್ಟಿದ್ದೀನಿ ಮೇಡಂ. ಇನ್ನೊಂದು ಕೇಳಬೇಕಿತ್ತು. ನಾವು ಕೂಲಿ ಮಾಡೋರು, ಅವನ ಓದಿಗೆ ಸರ್ಕಾರದಿಂದ ಏನಾದರೂ ಸಿಗುತ್ತಾ?

ಉತ್ತರ: ಸಿಗುವ ಸಾಧ್ಯತೆ ಇದೆ ಅಮ್ಮಾ. ಮಕ್ಕಳ ರಕ್ಷಣೆಗೆ ಇರುವ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಮಗುವಿಗೆ ಕೊಡುವ ಹಣದ ನೆರವು ಇದೆ, ತಿಂಗಳಿಗೆ 4,000 ರೂಪಾಯಿ. ಮನೆ ಬಿಟ್ಟು ಹೋಗಿ ಸಿಕ್ಕ ಮಕ್ಕಳೂ ಅದರ ಪಟ್ಟಿಯಲ್ಲಿದ್ದಾರೆ. ಹಳ್ಳಿಯಲ್ಲಾದರೆ ಮನೆಯ ವರ್ಷದ ಆದಾಯ 72,000 ದಾಟಿರಬಾರದು, ನಗರದಲ್ಲಿ 96,000. ಸಮಿತಿ ಕೊಟ್ಟ ಆದೇಶದ ಪ್ರತಿ, ಆದಾಯ ಪ್ರಮಾಣಪತ್ರ, ಆಧಾರ್, ಶಾಲೆಯ ದೃಢೀಕರಣ ಪತ್ರ, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ನಿಮ್ಮ ಜಿಲ್ಲಾ ಕೇಂದ್ರದ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ಮಗನನ್ನೂ ಕರೆದುಕೊಂಡು ಹೋಗಿ, ಅರ್ಜಿಯಲ್ಲಿ ಹೆಸರು ಅವನೇ ಬರೆಯಲಿ.