ಪದಚರ್ಚೆ: ರಸ್ತೆ ಉಬ್ಬು, ವೇಗತಡೆ, ಹಂಪ್ – ಠರಾವಿನಲ್ಲಿ ಯಾವುದು ಸರಿ?

ಪ್ರಶ್ನೆ:

ನಮಸ್ಕಾರ. ‘ಶಾಲೆಯ ಮುಂದೆ ರಸ್ತೆ ಉಬ್ಬು ನಿರ್ಮಿಸಲು ತೀರ್ಮಾನಿಸಲಾಯಿತು’ ಎಂದು ಸಭೆಯ ನಡವಳಿಯಲ್ಲಿ ಬರೆದಿರುತ್ತಾರೆ. ಅದೇ ಕೆಲಸ ಅಂದಾಜುಪಟ್ಟಿಗೆ ಬರುವಾಗ ‘ವೇಗ ನಿಯಂತ್ರಕ’, ಪತ್ರಿಕೆಗೆ ಬರುವಾಗ ‘ಅವೈಜ್ಞಾನಿಕ ಹಂಪ್’. ಎಂಜಿನಿಯರುಗಳಿಗೆ ಹಂಪ್, ಬಂಪ್, ಟೇಬಲ್, ಕುಶನ್, ರಂಬಲ್ ಸ್ಟ್ರಿಪ್ ಎಲ್ಲವೂ ಬೇರೆ ಬೇರೆ ವಸ್ತು. ಕನ್ನಡದಲ್ಲಿ ಇವನ್ನು ಬಿಡಿಸಿ ಹೇಳುವುದು ಹೇಗೆ?

ಉತ್ತರ 1:

ಮೊದಲು ‘ವೇಗ ನಿಯಂತ್ರಕ’ವನ್ನು ಕೈಬಿಡಿ. ಲಾರಿ, ಬಸ್ಸುಗಳಿಗೆ ಅಳವಡಿಸುವ ಸ್ಪೀಡ್ ಗವರ್ನರಿಗೆ ಆ ಹೆಸರು ಆಗಲೇ ಅಂಟಿದೆ. ‘ವೇಗತಡೆ’ ತಪ್ಪೇನಲ್ಲ, ಆದರೆ ಅದು ಕೆಲಸವನ್ನು ಹೇಳುತ್ತದೆ, ಆಕಾರವನ್ನಲ್ಲ; ಬ್ಯಾರಿಕೇಡ್ ಕೂಡ ವೇಗತಡೆಯೇ. ಹಂಪ್‌ಗೆ ‘ರಸ್ತೆ ಉಬ್ಬು’ ಸಾಕು. ಎಚ್ಚರಿಕೆ ಫಲಕಗಳಿಂದಾಗಿ ಜನಕ್ಕೆ ಗೊತ್ತಿರುವ ಪದ.

ಹಂಪ್, ಬಂಪ್ ಎರಡೂ ಒಂದೇ ಎತ್ತರ ಇರಬಹುದು, ವ್ಯತ್ಯಾಸವಿರುವುದು ಹರವಿನಲ್ಲಿ, ಅಂದರೆ ವಾಹನ ಸಾಗುವ ದಿಕ್ಕಿನ ಉದ್ದದಲ್ಲಿ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬಹುದಾದ ಉಬ್ಬಿಗೆ ಐಆರ್‌ಸಿ 99 (ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ) 1988ರಲ್ಲಿ ಹೇಳಿದ ಅಳತೆ: ಹರವು 3.7 ಮೀ., ನಡುವಿನ ಎತ್ತರ 10 ಸೆಂ.ಮೀ., ಕಮಾನಿನ ತ್ರಿಜ್ಯ 17 ಮೀ. ಅದೇ 10 ಸೆಂ.ಮೀ. ಎತ್ತರವನ್ನು 1 ಮೀ. ಹರವಿನಲ್ಲಿ ಮುಗಿಸಿದರೆ ತ್ರಿಜ್ಯ 1.3 ಮೀಟರಿಗೆ ಇಳಿಯುತ್ತದೆ. ಆಗ ಬೈಕಿನ ಮುಂಚಕ್ರ ಏರುವುದಿಲ್ಲ, ಬಡಿಯುತ್ತದೆ. ತಗ್ಗಾದ ಕಾರಿನ ತಳ ಉಜ್ಜುತ್ತದೆ. ಇದು ಬಂಪ್. ವಾಹನ ನಿಲ್ಲಿಸುವ ಆವರಣದೊಳಗೆ ಸರಿ, ಸಾರ್ವಜನಿಕ ರಸ್ತೆಗೆ ಅಲ್ಲ. ಪತ್ರಿಕೆಗಳು ಬೈಯುವ ‘ಅವೈಜ್ಞಾನಿಕ ಹಂಪ್’ ಬಹುಪಾಲು ಹಂಪೇ ಅಲ್ಲ! ಇದಕ್ಕೆ ‘ದಿಂಡು’ ಎನ್ನಬಹುದು: ಕಿರಿದಾಗಿ, ಉರುಟಾಗಿ ರಸ್ತೆಗೆ ಅಡ್ಡ ಬಿದ್ದದ್ದು.

ಟೇಬಲ್ ಎಂದರೆ ‘ಚಪ್ಪಟೆ ಉಬ್ಬು’. ನಡುವೆ ಸುಮಾರು 3 ಮೀ. ಸಮತಟ್ಟು, ಎರಡೂ ಕಡೆ 1.8 ಮೀ. ಇಳಿಜಾರು. ಮೇಲೆ ಜೀಬ್ರಾ ಪಟ್ಟೆ ಬಳಿದರೆ ಪಾದಚಾರಿಗಳು ದಾಟುವ ಜಾಗವೂ ಆಗುತ್ತದೆ. ಶಾಲೆಯ ಮುಂದೆ, ಅದರಲ್ಲೂ ಬಸ್ಸು ಓಡಾಡುವಲ್ಲಿ, ನನ್ನ ಮತ ಇದಕ್ಕೇ. ಕುಶನ್‌ಗೆ ‘ವೇಗದಿಂಬು’ ಎಂಬ ನಗೆಪಾಟಲಿನ ಅನುವಾದ ಬೇಡ. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳ ಹೆಚ್ಚು ಅಂತರದಲ್ಲಿರುವ ಎಡಬಲದ ಗಾಲಿಗಳು ಆಚೀಚೆ ಹಾಯ್ದುಹೋಗಲೆಂದು ನಡುನಡುವೆ ತೆರಪು ಬಿಟ್ಟ ಉಬ್ಬು ಅದು; ‘ಬಿಡಿ ಉಬ್ಬು’ ಸಾಕು. ರಂಬಲ್ ಸ್ಟ್ರಿಪ್‌ಗೆ ‘ಅದುರುಪಟ್ಟಿ’. ಇದರ ಕೆಲಸ ಮುಂದಿನ ತಿರುವಿಗೋ ಉಬ್ಬಿಗೋ ಎಚ್ಚರಿಸುವುದಷ್ಟೆ; ಜೋರಾಗಿ ಹೋದವನಿಗೆ ಅದುರು ಇನ್ನೂ ಕಡಿಮೆಯೆನಿಸಬಹುದು. ಮನೆಗಳ ಪಕ್ಕ ಹಾಕಿದರೆ ರಾತ್ರಿಯಿಡೀ ಸದ್ದು.

ಉತ್ತರ 2:

‘ದಿಂಡು’ ಒಪ್ಪಿಗೆ. ಮೇಲಿನವರು ‘ಹರವು’ ಎಂದದ್ದನ್ನೂ ಗಮನಿಸಿ. ಅಂದಾಜುಪಟ್ಟಿಗಳಲ್ಲಿ ಇದು ‘ಅಗಲ’ ಆಗಿರುತ್ತದೆ. ಒಂಟಿಪಥದ ರಸ್ತೆಯ ಅಗಲ 3.75 ಮೀ. ಆದ್ದರಿಂದ ‘ಉಬ್ಬಿನ ಅಗಲ 3.7 ಮೀ.’ ಎಂದು ಓದಿದ ಮೇಸ್ತ್ರಿ ಅದನ್ನು ರಸ್ತೆಗೆ ಅಡ್ಡಲಾಗಿ ಅಳೆದು, ಸಾಗುವ ದಿಕ್ಕಿನಲ್ಲಿ ಕೈಗೆ ಬಂದಷ್ಟು ಡಾಂಬರು ಸುರಿದರೆ ಆಶ್ಚರ್ಯವಿಲ್ಲ. ‘ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀ.’ ಎಂದೇ ಬರೆಯಬೇಕು. ‘ವೈಜ್ಞಾನಿಕವಾಗಿ ನಿರ್ಮಿಸುವುದು’ ಎಂಬುದನ್ನಂತೂ ಅಳತೆ ಪುಸ್ತಕದಲ್ಲಿ ದಾಖಲಿಸಲು ಬರುವುದಿಲ್ಲ. ಅದರ ಬದಲು ಎರಡು ಅಂಕಿ ಕೊಡಿ: ಅಂಚಿನಿಂದ 92.5 ಸೆಂ.ಮೀ. ಒಳಗೆ ಎತ್ತರ 7.5 ಸೆಂ.ಮೀ., ನಟ್ಟನಡುವೆ 10. ಕಮಾನಿನ ಆಕಾರಕ್ಕೆ ಕತ್ತರಿಸಿದ ಪ್ಲೈವುಡ್ ಅಚ್ಚನ್ನು ಮೇಲಿಟ್ಟರೆ ತಪ್ಪು ಅಲ್ಲೇ ಕಾಣುತ್ತದೆ.

ಕೆಡುವುದು ಸಾಮಾನ್ಯವಾಗಿ ಅಂಚಿನಲ್ಲಿ. ಹಳೆಯ ಮೇಲ್ಮೈಯ ಧೂಳು ತೆಗೆಯದೆ, ಟ್ಯಾಕ್ ಕೋಟ್ (ಅಂಟಿಕೊಳ್ಳಲೆಂದು ಹಾಕುವ ತೆಳು ಡಾಂಬರು ಲೇಪ) ಬಳಿಯದೆ ಹಾಕಿದ ಉಬ್ಬು ಅಂಚಿನಿಂದ ಕಿತ್ತುಬರುತ್ತದೆ. ಚರಂಡಿಯ ಕಡೆ ನೀರು ಹರಿಯಲು ದಾರಿ ಬಿಡದಿದ್ದರೆ ಮಳೆನೀರು ಉಬ್ಬಿನ ಬುಡದಲ್ಲಿ ನಿಂತು ಗುಂಡಿ ಬೀಳುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಬಿಟ್ಟರೆ ಬೈಕುಗಳೆಲ್ಲ ಆ ಸಂದಿಗೇ ನುಗ್ಗುತ್ತವೆ. ಇನ್ನೊಂದು: ಮುಂದೆ ರಸ್ತೆಗೆ 4 ಸೆಂ.ಮೀ. ಹೊಸ ಡಾಂಬರು ಹಾಕಿ ಉಬ್ಬನ್ನು ಹಾಗೇ ಬಿಟ್ಟರೆ ಉಳಿಯುವುದು 6 ಸೆಂ.ಮೀ. ಎತ್ತರ. ಮರುಡಾಂಬರಿನ ಅಂದಾಜಿನಲ್ಲೇ ‘ಹಳೆಯ ಉಬ್ಬು ತೆಗೆದು ಹೊಸದಾಗಿ ಕಟ್ಟುವುದು’ ಎಂಬ ಬಾಬ್ತು ಇರಬೇಕು.

ಠರಾವಿಗೆ ಇಷ್ಟು ಸಾಲು ಸಾಕು: ‘ಶಾಲೆಯ ಗೇಟಿನ ಮುಂದೆ ರಸ್ತೆ ಉಬ್ಬು ಒಂದು, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀ., ನಡು ಎತ್ತರ 10 ಸೆಂ.ಮೀ., ಕಮಾನಿನ ಆಕಾರ, ಕಪ್ಪು-ಬಿಳಿ ಪಟ್ಟೆ, ಎರಡೂ ದಿಕ್ಕಿನಲ್ಲಿ 40 ಮೀ. ಮೊದಲೇ ಎಚ್ಚರಿಕೆ ಫಲಕ. ಚರಂಡಿಯ ಬದಿ ನೀರುದಾರಿ. ಫಲಕ ನೆಟ್ಟು, ಪಟ್ಟೆ ಬಳಿದ ನಂತರವೇ ಬಿಲ್ಲು ಪಾವತಿ.’